ಸ್ನಾರ್ಕೆಲಿಂಗ್ ಮಾಸ್ಕ್: ಬೆಲೆಗಿಂತ ಅಳತೆ ಮುಖ್ಯ

ಮಳೆಗಾಲ ಮುಗಿದು ಸಮುದ್ರ ಶಾಂತವಾದ ಮೇಲೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪದ ಕಡೆಗೆ ದೋಣಿಗಳು ಹೊರಡುತ್ತವೆ. ದಡದಿಂದ ಸುಮಾರು 20 ಕಿ.ಮೀ. ದೂರದ ಆ ದ್ವೀಪದ ಸುತ್ತಲಿನ ನೀರಿನಲ್ಲಿ ಹವಳ, ಬಣ್ಣಬಣ್ಣದ ಮೀನುಗಳು ಕಾಣಸಿಗುತ್ತವೆ. ರಜೆಯಲ್ಲಿ ಮೈಸೂರಿನ ಕುಟುಂಬಗಳೂ ಅಲ್ಲಿಗೆ ಹೋಗುವುದುಂಟು. ಮುಖಕ್ಕೆ ಮಾಸ್ಕ್ ಧರಿಸಿ, ಬಾಯಿಯಲ್ಲಿ ಕೊಳವೆ ಇಟ್ಟುಕೊಂಡು, ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದೇ ಸ್ನಾರ್ಕೆಲಿಂಗ್.

ಇಲ್ಲಿ ಸಣ್ಣ ಸೋರಿಕೆಯಿಂದಲೂ ಅಪಾಯ ಆರಂಭವಾಗಬಹುದು. ಮಾಸ್ಕ್ ಒಳಗೆ ನೀರು ಬಂದು ಮೂಗಿಗೆ ಹೋದರೆ ಮನುಷ್ಯ ಗಾಬರಿಯಾಗುತ್ತಾನೆ. ಗಾಬರಿಯಲ್ಲಿ ಉಸಿರು ಎಳೆದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಆದ್ದರಿಂದ ದುಬಾರಿ ಮಾಸ್ಕ್‌ಗಿಂತ ನಿಮ್ಮ ಮುಖಕ್ಕೆ ಸರಿಹೊಂದುವ ಮಾಸ್ಕ್ ಮುಖ್ಯ.

ಮನೆಯಲ್ಲೇ ಪರೀಕ್ಷಿಸಿ

ಪಟ್ಟಿಯನ್ನು ಹಿಂದಕ್ಕೆ ಹಾಕದೆ ಮಾಸ್ಕನ್ನು ಮುಖಕ್ಕೆ ಮೆಲ್ಲಗೆ ಇಡಿ. ಮೂಗಿನಿಂದ ಸ್ವಲ್ಪವೇ ಉಸಿರು ಎಳೆದು ತಡೆಹಿಡಿಯಿರಿ. ಕೈ ಬಿಟ್ಟರೂ ಮಾಸ್ಕ್ ಕೆಲವು ಕ್ಷಣ ಬೀಳದೆ ನಿಂತರೆ ಅದು ನಿಮಗೆ ಸರಿ. ಜೋರಾಗಿ ಎಳೆಯಬೇಡಿ, ಹಾಗೆ ಮಾಡಿದರೆ ಅಳತೆ ತಪ್ಪಿದ ಮಾಸ್ಕ್ ಕೂಡ ಅಂಟಿಕೊಳ್ಳುತ್ತದೆ. ಕೊಳವೆಯನ್ನು ಬಾಯಿಯಲ್ಲಿಟ್ಟುಕೊಂಡು ಇನ್ನೊಮ್ಮೆ ಪರೀಕ್ಷಿಸಿ, ಏಕೆಂದರೆ ಆಗ ಕೆನ್ನೆಯ ಆಕಾರ ಬದಲಾಗುತ್ತದೆ. ಸೋರುತ್ತದೆಂದು ಪಟ್ಟಿಯನ್ನು ಬಿಗಿಮಾಡಿದರೆ ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತದೆ.

ಅಂಚು ಮೃದುವಾದ ಸಿಲಿಕೋನ್‌ನದ್ದಾಗಿರಲಿ. ಗಾಜು ಟೆಂಪರ್ಡ್ ಆಗಿರಲಿ. ಈಜುವ ಗಾಗಲ್ಸ್ ಸಾಲದು, ಅದು ಮೂಗನ್ನು ಮುಚ್ಚುವುದಿಲ್ಲ. ಕನ್ನಡಕದ ಕಡ್ಡಿಗಳು ಅಂಚಿನಡಿ ಸಿಕ್ಕಿದರೆ ನೀರು ಬರುತ್ತದೆ. ಪವರ್ ಇರುವ ಗಾಜಿನ ಮಾಸ್ಕ್ ಸಿಗುತ್ತದೆ, ಅದನ್ನು ಕೇಳಿ.

ಗಡ್ಡ, ಮೀಸೆ, ಹಿಜಾಬ್

ಸಾಮಾನ್ಯ ಮಾಸ್ಕ್‌ನ ಅಂಚು ಮೇಲ್ದುಟಿಯ ಮೇಲೆ ಕೂರುತ್ತದೆ. ಹಾಗಾಗಿ ಅದಕ್ಕೆ ಗಡ್ಡ ಅಡ್ಡಿಯಲ್ಲ, ಮೂಗಿನ ಕೆಳಗಿನ ದಪ್ಪ ಮೀಸೆ ಅಡ್ಡಿ. ಮೀಸೆ ಕತ್ತರಿಸಿ ಗಡ್ಡ ಬಿಡುವ ಸುನ್ನತ್ ಪಾಲಿಸುವವರಿಗೆ ಇಲ್ಲಿ ತೊಂದರೆ ಕಡಿಮೆ. ಇಡೀ ಮುಖ ಮುಚ್ಚುವ ಮಾಸ್ಕ್ ಮಾತ್ರ ಗಡ್ಡದ ಮೇಲೆ ಕೂರುವುದರಿಂದ ಸೋರುತ್ತದೆ. ಕಷ್ಟವಾದಾಗ ಅದನ್ನು ಬೇಗ ತೆಗೆಯುವುದೂ ಸುಲಭವಲ್ಲ.

ಸ್ತ್ರೀಯರು ಗಮನಿಸಬೇಕಾದದ್ದು: ಬಟ್ಟೆಯ ಅಂಚು ಅಥವಾ ಒಂದು ಎಳೆ ಕೂದಲು ಮಾಸ್ಕ್‌ನ ಅಡಿ ಸಿಕ್ಕಿದರೂ ನೀರು ಒಳಬರುತ್ತದೆ. ತಲೆಗವಸಿನ ಅಂಚನ್ನು ಹಣೆಯಿಂದ ಸ್ವಲ್ಪ ಹಿಂದಕ್ಕೆ ಸರಿಸಿ, ಮಾಸ್ಕ್ ಚರ್ಮದ ಮೇಲೆಯೇ ಕೂರಲಿ. ಪಟ್ಟಿ ತಲೆಗವಸಿನ ಮೇಲೆ ಬರಲಿ. ಉದ್ದನೆಯ ದುಪಟ್ಟಾ, ಸಡಿಲ ಬುರ್ಖಾ ನೀರಿನಲ್ಲಿ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಮೈ ಮುಚ್ಚುವ ಈಜುಡುಪು ಉತ್ತಮ. ಮನೆಯಲ್ಲೇ ಅಳತೆ ನೋಡಿಕೊಂಡರೆ ದೋಣಿಯಲ್ಲಿ ಅಪರಿಚಿತ ಗಂಡಸರಿಂದ ಮಾಸ್ಕ್ ಸರಿಪಡಿಸಿಕೊಳ್ಳುವ ಮುಜುಗರವೂ ಇರುವುದಿಲ್ಲ.

ಮಕ್ಕಳು

ದೊಡ್ಡವರ ಮಾಸ್ಕ್ ಮಕ್ಕಳಿಗೆ ಬೇಡ. ದೊಡ್ಡವರ ಕೊಳವೆಯೂ ಬೇಡ. ಬಿಟ್ಟ ಉಸಿರಿನ ಒಂದು ಭಾಗ ಕೊಳವೆಯಲ್ಲೇ ಉಳಿದು ಮತ್ತೆ ಒಳಹೋಗುತ್ತದೆ. ಕೊಳವೆ ದೊಡ್ಡದಾದಷ್ಟೂ ಮಗುವಿಗೆ ಶುದ್ಧ ಗಾಳಿ ಕಡಿಮೆ. ಲೈಫ್ ಜಾಕೆಟ್ ತೊಡಿಸಿ ಭುಜದ ಬಳಿ ಹಿಡಿದು ಮೇಲಕ್ಕೆತ್ತಿ ನೋಡಿ. ಅದು ಕಿವಿಯವರೆಗೆ ಏರಿದರೆ ದೊಡ್ಡದಾಯಿತು. ಕಾಲಿನ ಫಿನ್ ಜಾರಲೂ ಬಾರದು, ಬೆರಳು ಒತ್ತಲೂ ಬಾರದು.

ಶುಚಿತ್ವ

ಬಾಡಿಗೆಯ ಕೊಳವೆಯ ಬಾಯಿತುದಿ ಹತ್ತಾರು ಜನರ ಬಾಯಿಗೆ ಹೋಗಿರುತ್ತದೆ. ನೆಗಡಿ, ತುಟಿಯ ಗುಳ್ಳೆಗಳು ಇದರಿಂದ ಹರಡಬಹುದು. ಮಾಸ್ಕ್ ಬಾಡಿಗೆಗೆ ಪಡೆದರೂ ಕೊಳವೆ ನಿಮ್ಮದೇ ಇರಲಿ. ಮನೆಯವರಲ್ಲೂ ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ಬಳಸಿದ ನಂತರ ಸಿಹಿನೀರು ಮತ್ತು ಸೋಪಿನಿಂದ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಸಿಲಿಕೋನ್ ಹಾಳಾಗುತ್ತದೆ.

ಹೊರಡುವ ಮುನ್ನ

ಮೊದಲ ಅಭ್ಯಾಸ ಸಮುದ್ರದಲ್ಲಿ ಬೇಡ, ಕಾವೇರಿಯಲ್ಲಾಗಲೀ ನಾಲೆಯಲ್ಲಾಗಲೀ ಖಂಡಿತ ಬೇಡ. ಮೇಲ್ವಿಚಾರಕರಿರುವ ಈಜುಕೊಳದಲ್ಲಿ ಅನುಮತಿ ಪಡೆದು, ಎದೆಮಟ್ಟಕ್ಕಿಂತ ಕಡಿಮೆ ನೀರಿನಲ್ಲಿ ನಿಂತು ಅಭ್ಯಾಸ ಮಾಡಿ. ಆಸ್ತಮಾ, ಹೃದಯದ ಕಾಯಿಲೆ, ಕಿವಿನೋವು ಇರುವವರು ವೈದ್ಯರನ್ನು ಕೇಳಿಯೇ ಹೋಗಬೇಕು. ಒಬ್ಬರೇ ನೀರಿಗಿಳಿಯಬಾರದು.

ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್ ಎಂಬ ಬೋಧನೆ ನಮಗೆಲ್ಲ ಗೊತ್ತು. ಜೀವ ಅಲ್ಲಾಹನು ನಮಗೆ ಕೊಟ್ಟ ಅಮಾನತ್. ದೋಣಿ ಹತ್ತುವ ಮುನ್ನ ಮನೆಯ ಪ್ರತಿಯೊಬ್ಬರ ಮಾಸ್ಕನ್ನೂ ಒಮ್ಮೆ ಪರೀಕ್ಷಿಸಿ, ಬಿಸ್ಮಿಲ್ಲಾ ಹೇಳಿ ಹೊರಡಿ.