ಕಂಬವೇರುವ ಮುನ್ನ

ಆಷಾಢದ ಒಂದು ಸಂಜೆ. ಮಲೆನಾಡಿನ ಹಳ್ಳಿಯೊಂದರಲ್ಲಿ ಮಳೆ ಬಿರುಸಾಗಿ ಸುರಿಯುತ್ತಿದೆ. ಗಾಳಿಯ ಹೊಡೆತಕ್ಕೆ ಮರದ ಕೊಂಬೆಯೊಂದು ಮುರಿದು ವಿದ್ಯುತ್ ತಂತಿಯ ಮೇಲೆ ಬೀಳುತ್ತದೆ. ಊರೆಲ್ಲ ಒಮ್ಮೆಲೇ ಕತ್ತಲೆಯಲ್ಲಿ ಮುಳುಗುತ್ತದೆ. ಮರುದಿನದ ಪರೀಕ್ಷೆಗಾಗಿ ಓದುತ್ತಿದ್ದ ಬಾಲಕಿ ಪುಸ್ತಕ ಮುಚ್ಚುತ್ತಾಳೆ. ಹಿಟ್ಟಿನ ಗಿರಣಿ ಸದ್ದಡಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹಗ್ಗ, ಏಣಿ, ಟಾರ್ಚುಗಳನ್ನು ಹಿಡಿದು ಇಬ್ಬರು ಬರುತ್ತಾರೆ. ಜನರು ಇವರನ್ನು ಲೈನ್‌ಮನ್ ಎಂದು ಕರೆಯುವರು. ಮಾರ್ಗದಾಳು ಎಂಬುದು ಇವರಿಗೆ ಕನ್ನಡದಲ್ಲಿರುವ ಹೆಸರು.

ಕೊಂಬೆಯನ್ನು ಕಡಿದು ತೆಗೆಯುವುದು ಕೆಲವೇ ನಿಮಿಷಗಳ ಕೆಲಸ. ಆದರೆ ಬಂದವರು ಒಡನೆಯೇ ಕಂಬವನ್ನು ಏರುವುದಿಲ್ಲ. ವಿದ್ಯುತ್ ಉಪಕೇಂದ್ರಕ್ಕೆ ಫೋನು ಮಾಡುತ್ತಾರೆ, ಏನನ್ನೋ ಬರೆದುಕೊಳ್ಳುತ್ತಾರೆ, ಕಾಯುತ್ತಾರೆ. ನೆರೆದ ಜನರಿಗೆ ತಾಳ್ಮೆ ತಪ್ಪುತ್ತದೆ. "ಊರಿನಲ್ಲಿ ದೀಪವೇ ಇಲ್ಲ, ತಂತಿಯಲ್ಲಿ ವಿದ್ಯುತ್ತು ಎಲ್ಲಿಂದ ಬರಬೇಕು? ಬೇಗ ಹತ್ತಬಾರದೇನಪ್ಪಾ?" ಎಂದು ಹಿರಿಯರೊಬ್ಬರು ಗದರುತ್ತಾರೆ. ಈ ಪ್ರಶ್ನೆ ಸಹಜವಾದುದು. ಆದರೆ ಅದರ ಉತ್ತರವನ್ನು ಅರಿಯುವುದಕ್ಕಾಗಿ ಎಷ್ಟೋ ಮಂದಿ ಕೆಲಸಗಾರರು ಪ್ರಾಣವನ್ನೇ ತೆರಬೇಕಾಯಿತು.

ಬೆಂಕಿ ಹೊಗೆಯಾಡಿ ತನ್ನ ಇರವನ್ನು ತಿಳಿಸುತ್ತದೆ. ಹಾವು ಬುಸುಗುಟ್ಟುತ್ತದೆ. ತುಂಬಿದ ಹೊಳೆ ಭೋರ್ಗರೆಯುತ್ತದೆ. ವಿದ್ಯುತ್ತಿಗೆ ಇಂತಹ ಯಾವ ಗುರುತೂ ಇಲ್ಲ. ಸಾವಿರಾರು ವೋಲ್ಟುಗಳ ತಂತಿಯೂ ವಿದ್ಯುತ್ತಿಲ್ಲದ ತಂತಿಯೂ ಕಣ್ಣಿಗೆ ಒಂದೇ ಬಗೆಯಾಗಿ ಕಾಣುತ್ತವೆ. ಒಂದು ಆಂಪಿಯರಿನ ನೂರರಲ್ಲಿ ಒಂದೆರಡು ಪಾಲಿನಷ್ಟು ವಿದ್ಯುತ್ತು ದೇಹದಲ್ಲಿ ಹರಿದರೆ ಸ್ನಾಯುಗಳು ಸೆಟೆದುಕೊಂಡು, ಹಿಡಿದ ತಂತಿಯನ್ನು ಬಿಡಲಾರದಂತಾಗುತ್ತದೆ. ಹತ್ತರಲ್ಲಿ ಒಂದು ಪಾಲಿನಷ್ಟು ಹರಿದರೆ ಹೃದಯದ ಬಡಿತವೇ ಕ್ರಮ ತಪ್ಪಬಹುದು. ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಊರ ಹೊರಗಿನ ಪರಿವರ್ತಕಕ್ಕೆ ಸಾಮಾನ್ಯವಾಗಿ ಬರುವುದು 11,000 ವೋಲ್ಟಿನದು. ಪರಿವರ್ತಕದ ಫ್ಯೂಸು ಹೋದರೆ ಮನೆಗಳಲ್ಲಿ ಕತ್ತಲೆ ಕವಿಯುತ್ತದೆ. ಮೇಲಿನ ತಂತಿಯಲ್ಲಿ ವಿದ್ಯುತ್ತು ಮಾತ್ರ ಹಾಗೆಯೇ ಹರಿಯುತ್ತಿರಬಹುದು. ದೀಪ ಆರಿತೆಂದರೆ ತಂತಿಯೂ ಆರಿತೆಂದು ತಿಳಿಯುವುದು ತಪ್ಪು.

ಈ ತಪ್ಪು ತಿಳಿವಳಿಕೆಯ ಘೋರ ಪರಿಣಾಮವನ್ನು ಅಮೆರಿಕದ ನ್ಯೂಯಾರ್ಕ್ ನಗರವು 1889ರ ಅಕ್ಟೋಬರ್ 11ರಂದು ಕಣ್ಣಾರೆ ಕಂಡಿತು. ಆ ಕಾಲದಲ್ಲಿ ಅಲ್ಲಿಯ ಬೀದಿಗಳ ಮೇಲೆ ಟೆಲಿಗ್ರಾಫು, ಟೆಲಿಫೋನು, ದೀಪಗಳ ತಂತಿಗಳೆಲ್ಲ ಜೇಡರ ಬಲೆಯಂತೆ ಹೆಣೆದುಕೊಂಡಿದ್ದವು. ಬಳಕೆಯಲ್ಲಿಲ್ಲದ ತಂತಿಗಳನ್ನು ಕತ್ತರಿಸಿ ತೆಗೆಯಲು ಜಾನ್ ಫೀಕ್ಸ್ ಎಂಬ ಟೆಲಿಗ್ರಾಫು ಕೆಲಸಗಾರನು ಕಂಬವನ್ನೇರಿದನು. ಅವೆಲ್ಲ ಅಲ್ಪ ವಿದ್ಯುತ್ತಿನ ತಂತಿಗಳೆಂಬುದು ಅವನ ನಂಬಿಕೆಯಾಗಿತ್ತು. ಆದರೆ ಬೇರೊಂದು ಬೀದಿಯಲ್ಲಿ ಅವುಗಳಲ್ಲೊಂದು ಹೆಚ್ಚು ವೋಲ್ಟಿನ ದೀಪದ ತಂತಿಗೆ ತಾಗಿತ್ತು. ಅವನು ಆ ತಂತಿಯನ್ನು ಮುಟ್ಟಿದೊಡನೆ ಪ್ರಾಣ ಹೋಯಿತು. ದೇಹವು ಬಹಳ ಹೊತ್ತು ತಂತಿಗಳ ನಡುವೆಯೇ ಸಿಕ್ಕಿಕೊಂಡಿತ್ತು. ಕೆಳಗೆ ನೆರೆದ ಸಾವಿರಾರು ಜನರು ನಿಸ್ಸಹಾಯರಾಗಿ ನೋಡುತ್ತಿದ್ದರು. ಅವನು ಅಜಾಗರೂಕನಾಗಿದ್ದನೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಅವನ ಕೈಯಲ್ಲಿ ಪರೀಕ್ಷಿಸಿ ನೋಡುವ ಕ್ರಮವಿರಲಿಲ್ಲ. ಇದ್ದುದು ನಂಬಿಕೆ ಮಾತ್ರ.

ಎರಡು ವರ್ಷಗಳ ತರುವಾಯ, 1891ರಲ್ಲಿ, ಅದೇ ದೇಶದ ಸೇಂಟ್ ಲೂಯಿ ನಗರದಲ್ಲಿ ವಿದ್ಯುತ್ ಕೆಲಸಗಾರರು ಕೂಡಿ ತಮ್ಮದೇ ಆದ ಸಂಘವೊಂದನ್ನು ಕಟ್ಟಿದರು. ಹೆನ್ರಿ ಮಿಲ್ಲರ್ ಎಂಬ ಮಾರ್ಗದಾಳು ಅದರ ಮೊದಲ ಅಧ್ಯಕ್ಷನಾದನು. ಅವನು ಊರೂರು ಸುತ್ತಿ ಕೆಲಸಗಾರರನ್ನು ಒಂದುಗೂಡಿಸಿದನು. ಆದರೆ 1896ರಲ್ಲಿ ವಾಷಿಂಗ್ಟನ್ ನಗರದಲ್ಲಿ ಕಂಬದ ಮೇಲೆ ಕೆಲಸ ಮಾಡುತ್ತಿದ್ದಾಗ ವಿದ್ಯುದಾಘಾತಕ್ಕೊಳಗಾಗಿ, ಕೆಳಗೆ ಬಿದ್ದು ಅವನೂ ಮೃತಪಟ್ಟನು. ಅನುಭವವೂ ಧೈರ್ಯವೂ ಎಷ್ಟೇ ಇದ್ದರೂ ಅವಷ್ಟರಿಂದಲೇ ಜೀವ ಉಳಿಯದೆಂಬುದಕ್ಕೆ ಇದೂ ಒಂದು ನಿದರ್ಶನ.

ಕನ್ನಡ ನಾಡಿಗೆ ವಿದ್ಯುತ್ತು ಬೇಗನೆ ಬಂದಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ತಂತಿಗಳು ಹಬ್ಬಿದಂತೆಲ್ಲ ಅವುಗಳನ್ನು ಕಾಯುವವರ ರಕ್ಷಣೆಯ ಪ್ರಶ್ನೆಯೂ ಬೆಳೆಯಿತು. ಭಾರತ ಸರ್ಕಾರವು 1956ರಲ್ಲಿ ವಿದ್ಯುತ್ ನಿಯಮಗಳನ್ನು ಜಾರಿಗೆ ತಂದಿತು. ತಂತಿಯನ್ನು ಮುಟ್ಟುವ ಮೊದಲು ಅದನ್ನು ಭೂಮಿಗೆ ಜೋಡಿಸಿಯೋ ತಕ್ಕ ಬೇರೆ ವಿಧಾನದಿಂದಲೋ ಅದರಲ್ಲಿನ ವಿದ್ಯುತ್ತನ್ನು ಕಳೆಯತಕ್ಕದ್ದೆಂದು ಅವು ವಿಧಿಸಿದವು. 2003ರ ವಿದ್ಯುಚ್ಛಕ್ತಿ ಕಾಯಿದೆಯ ಅಡಿಯಲ್ಲಿ ಹೊಸ ಸುರಕ್ಷತಾ ವಿನಿಯಮಗಳು 2010ರಲ್ಲಿ ಬಂದವು. 2023ರಲ್ಲಿ ಅವುಗಳ ಸ್ಥಾನವನ್ನು ಇನ್ನೂ ಹೊಸವು ಪಡೆದವು.

ಈ ನಿಯಮಗಳ ತಿರುಳನ್ನು ಮಾರ್ಗದಾಳುಗಳು ನಿತ್ಯವೂ ಆಡುವ ಎರಡು ಮಾತುಗಳಲ್ಲಿ ಹೇಳಬಹುದು: ಒಂದು 'ಲೈನ್ ಕ್ಲಿಯರ್', ಮತ್ತೊಂದು 'ಅರ್ಥಿಂಗ್'.

ಇಂತಹ ಮಾರ್ಗದಲ್ಲಿ ಇಂತಹವರು ಕೆಲಸ ಮಾಡುವರು, ಅವರು ಹೇಳುವವರೆಗೆ ವಿದ್ಯುತ್ತನ್ನು ಹರಿಯಬಿಡುವುದಿಲ್ಲ ಎಂದು ಉಪಕೇಂದ್ರದವರು ಕೊಡುವ ಅನುಮತಿಯೇ ಲೈನ್ ಕ್ಲಿಯರ್. ಅದನ್ನು ಹೆಸರು, ಸ್ಥಳ, ಸಮಯಗಳೊಡನೆ ಬರೆದಿಡಬೇಕು. ಒಂದೇ ಕಂಬದ ಮೇಲೆ ಎರಡು ಮಾರ್ಗಗಳಿದ್ದರೆ ಎರಡಕ್ಕೂ ಪಡೆಯಬೇಕು. ಯಾರು ಪಡೆದರೋ ಅವರೇ ಹಿಂದಿರುಗಿಸಬೇಕು. "ನಾಲ್ಕು ಗಂಟೆಗೆ ಕೆಲಸ ಮುಗಿಯುತ್ತದೆ, ಆಗ ವಿದ್ಯುತ್ತು ಬಿಡಿ" ಎಂದು ಮೊದಲೇ ಹೇಳಿಡುವುದು ಎಂದಿಗೂ ಸಲ್ಲದು. ನಾಲ್ಕು ಗಂಟೆಗೆ ಕೆಲಸ ಮುಗಿಯದಿರಬಹುದು. ಇಬ್ಬರ ಗಡಿಯಾರಗಳು ಒಂದೇ ಆಗಿರದಿರಬಹುದು.

ಅನುಮತಿ ದೊರೆತ ಮೇಲೂ ಪರೀಕ್ಷೆ ಮುಗಿಯಲಿಲ್ಲ. ಮಾರ್ಗದ ಸ್ವಿಚ್ಚು ತೆರೆದಿರುವುದನ್ನು ಕಣ್ಣಾರೆ ನೋಡಿ, ಬೀಗ ಹಾಕಿ, ಕೆಲಸ ನಡೆಯುತ್ತಿದೆಯೆಂಬ ಫಲಕವನ್ನು ತೂಗುಹಾಕಬೇಕು. ತಂತಿಯಲ್ಲಿ ವಿದ್ಯುತ್ತಿಲ್ಲವೆಂಬುದನ್ನು ಉಪಕರಣದಿಂದ ಪರೀಕ್ಷಿಸಬೇಕು. ಆಮೇಲೆ ಕೆಲಸದ ಸ್ಥಳದ ಎರಡೂ ಕಡೆಗಳಲ್ಲಿ ತಂತಿಗಳನ್ನು ಭೂಮಿಗೆ ಜೋಡಿಸಬೇಕು, ಇದೇ ಅರ್ಥಿಂಗ್. ಜೋಡಿಸುವಾಗ ಭೂಮಿಯ ತುದಿ ಮೊದಲು, ತಂತಿಯ ತುದಿ ಅನಂತರ. ಬಿಚ್ಚುವಾಗ ತಂತಿಯ ತುದಿ ಮೊದಲು. ಕ್ರಮ ತಪ್ಪಿದರೆ, ಕಾಪಾಡಬೇಕಾದ ಸಾಧನವೇ ಕೊಲ್ಲಬಹುದು.

ಸ್ವಿಚ್ಚು ತೆರೆದ ಮೇಲೆ ಅರ್ಥಿಂಗ್ ಏಕೆ ಎಂದು ಕೇಳಬಹುದು. ವಿದ್ಯುತ್ತು ಉಪಕೇಂದ್ರದಿಂದ ಮಾತ್ರವೇ ಬರುತ್ತದೆಂದು ಹೇಳುವಂತಿಲ್ಲ. ಕತ್ತಲಾಯಿತೆಂದು ಯಾರೋ ಒಬ್ಬರು ತಮ್ಮ ಮನೆಯ ಜನರೇಟರನ್ನು ಸರಿಯಾದ ಸ್ವಿಚ್ಚಿಲ್ಲದೆ ಮನೆಯ ತಂತಿಗೇ ಜೋಡಿಸಿ ಚಾಲೂ ಮಾಡಿದರೆ, ಅದರ ವಿದ್ಯುತ್ತು ಹಿಮ್ಮುಖವಾಗಿ ಹರಿದು ಪರಿವರ್ತಕವನ್ನು ಸೇರುತ್ತದೆ. ಆಗ 230 ವೋಲ್ಟು ಮೇಲಿನ ತಂತಿಯಲ್ಲಿ ಸಾವಿರಾರು ವೋಲ್ಟಾಗಿ ಏರುತ್ತದೆ. ಒಂದು ಮನೆಯ ಬೆಳಕು ಹೀಗೆ ಮತ್ತೊಂದು ಮನೆಯ ದೀಪವನ್ನು ಆರಿಸಬಲ್ಲುದು. ಅರ್ಥಿಂಗ್ ಇದ್ದರೆ ಆ ವಿದ್ಯುತ್ತು ಕೆಲಸಗಾರನ ದೇಹವನ್ನು ಬಿಟ್ಟು ಬಹುಪಾಲು ನೆಲದ ದಾರಿಯನ್ನೇ ಹಿಡಿಯುತ್ತದೆ.

ನಿಯಮಗಳನ್ನು ಬರೆಯುವುದು ಒಂದು ಕೆಲಸ. ಅವುಗಳನ್ನು ನಡೆಸುವುದು ಅದಕ್ಕಿಂತ ಕಠಿಣವಾದ ಮತ್ತೊಂದು ಕೆಲಸ. ನಿಯಮವನ್ನು ಮೀರಿದಾಗಲೆಲ್ಲ ಅಪಾಯ ಸಂಭವಿಸುವುದಿಲ್ಲ. ಹತ್ತು ಸಲ ಅರ್ಥಿಂಗ್ ಇಲ್ಲದೆ ಕೆಲಸ ಮಾಡಿ ಕ್ಷೇಮವಾಗಿ ಇಳಿದವನಿಗೆ ಹನ್ನೊಂದನೆಯ ಸಲ ಅದು ಅನಾವಶ್ಯಕವೆನಿಸುತ್ತದೆ. ಹೊಸಬನು ಭಯದಿಂದ ನಿಯಮ ಪಾಲಿಸುತ್ತಾನೆ. ಹಳಬನು ಅಭ್ಯಾಸಬಲದಿಂದ ಮರೆಯುತ್ತಾನೆ. ಅವನನ್ನು ನೋಡಿ ಹೊಸಬನೂ ಕಲಿಯುತ್ತಾನೆ.

ಆದುದರಿಂದ ನಿಯಮದ ಹೊಣೆಯನ್ನು ಕಂಬದ ಮೇಲಿರುವವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಶಿರಸ್ತ್ರಾಣ, ರಬ್ಬರಿನ ಕೈಗವಸು, ಸೊಂಟದ ಪಟ್ಟಿ, ಅರ್ಥಿಂಗ್ ಕೋಲುಗಳನ್ನು ಒದಗಿಸುವುದು ಕೆಲಸ ಮಾಡಿಸುವವರ ಕರ್ತವ್ಯ. ತರಬೇತಿಯಿಲ್ಲದವನನ್ನು ಕಂಬ ಹತ್ತಿಸಕೂಡದು. ಗುತ್ತಿಗೆಯ ಕೆಲಸಗಾರನ ಜೀವಕ್ಕೂ ಖಾಯಂ ನೌಕರನ ಜೀವಕ್ಕೂ ಬೆಲೆ ಒಂದೇ. "ಅರ್ಥಿಂಗ್ ಆಗಿಲ್ಲ ಸ್ವಾಮಿ, ನಾನು ಹತ್ತುವುದಿಲ್ಲ" ಎಂದು ಕಿರಿಯ ಕೆಲಸಗಾರನು ಹೇಳಿದರೆ ಮೇಲಧಿಕಾರಿಯು ಅದನ್ನು ಅವಿಧೇಯತೆಯೆಂದು ಬಗೆಯದೆ ಕೆಲಸವನ್ನು ನಿಲ್ಲಿಸಬೇಕು. ಆ ಮಾತನ್ನು ನಿರ್ಭಯವಾಗಿ ಆಡಬಲ್ಲ ಕಡೆಯಲ್ಲಿ ಮಾತ್ರ ನಿಯಮ ಜೀವಂತವಾಗಿರುತ್ತದೆ.

ಸಾವಿಗೆ ಕಾರಣವಾದ ಅಪಘಾತ ನಡೆದರೆ 24 ಗಂಟೆಗಳೊಳಗೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕೆಂಬ ನಿಯಮವಿದೆ. ತಪ್ಪಿತಸ್ಥನನ್ನು ಹುಡುಕಿದ ಮಾತ್ರಕ್ಕೆ ತನಿಖೆ ಸಾರ್ಥಕವಾಗದು. ಕಾರಣವನ್ನು ಕಂಡು ಅದು ಮರುಕಳಿಸದಂತೆ ತಡೆಯಬೇಕು. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ಗಾದೆ ಎಲ್ಲರಿಗೂ ತಿಳಿದುದೇ. ವಿದ್ಯುತ್ತಿನ ಕೆಲಸದಲ್ಲಾದರೋ, ಕೆಟ್ಟವನಿಗೆ ಬುದ್ಧಿ ಬರಲು ಅವಕಾಶವೇ ಇರುವುದಿಲ್ಲ. ಒಬ್ಬನು ತೆತ್ತ ಬೆಲೆಯಿಂದ ಉಳಿದವರು ಕಲಿಯಬೇಕು.

ಮಳೆಯ ಹಳ್ಳಿಯಲ್ಲಿ ಅಷ್ಟರಲ್ಲಿ ಉಪಕೇಂದ್ರದಿಂದ ಉತ್ತರ ಬಂದಿದೆ. ಸ್ವಿಚ್ಚಿಗೆ ಬೀಗ ಬಿದ್ದಿದೆ. ತಂತಿಯ ಪರೀಕ್ಷೆಯಾಗಿ, ಎರಡೂ ಕಡೆ ಅರ್ಥಿಂಗ್ ಆಗಿದೆ. ಒಬ್ಬನು ಪಟ್ಟಿ ಬಿಗಿದು ಮೇಲೇರುತ್ತಾನೆ; ಮತ್ತೊಬ್ಬನು ಕೆಳಗೆ ನಿಂತು ಕಣ್ಣು ಮಿಟುಕಿಸದೆ ನೋಡುತ್ತಾನೆ. ಕೊಂಬೆ ನೆಲಕ್ಕೆ ಬೀಳುತ್ತದೆ. ಮೇಲಿದ್ದವನು ಇಳಿದ ಬಳಿಕ ಅರ್ಥಿಂಗ್ ಬಿಚ್ಚಿ, ಬೀಗ ತೆಗೆದು, ಲೈನ್ ಕ್ಲಿಯರನ್ನು ಹಿಂದಿರುಗಿಸುತ್ತಾರೆ. ಊರಿನಲ್ಲಿ ದೀಪಗಳು ಬೆಳಗುತ್ತವೆ. ಗದರಿದ್ದ ಹಿರಿಯರು ತಮ್ಮ ಮನೆಯ ಜಗಲಿಗೆ ಅವರಿಬ್ಬರನ್ನೂ ಕರೆದು ಬಿಸಿ ಕಾಫಿ ಕೊಡಿಸುತ್ತಾರೆ. ಬಾಲಕಿ ಮತ್ತೆ ಪುಸ್ತಕ ತೆರೆಯುತ್ತಾಳೆ. ಊರು ಕಾದದ್ದು ಅರ್ಧ ಗಂಟೆ. ಆ ಅರ್ಧ ಗಂಟೆಯ ಫಲವಾಗಿ, ಇರುಳು ಬಾಗಿಲಲ್ಲಿ ದಾರಿ ಕಾಯುತ್ತಿದ್ದ ಎರಡು ಸಂಸಾರಗಳಿಗೆ ಅವರವರ ಯಜಮಾನರು ಮರಳಿ ದೊರೆತರು.