ಎಲೆ ನೋಡಲು ಹೋಗಿ

ಬೋಸ್ಟನ್ನಿನಲ್ಲಿರುವ ಅಕ್ಕನ ಮಗ ಪ್ರತಿ ಅಕ್ಟೋಬರಿನಲ್ಲೂ ಕೆಂಪೇರಿದ ಮೇಪಲ್ ಗುಡ್ಡಗಳ ಫೋಟೋ ಕಳಿಸುತ್ತಾನೆ. ಹೋದ ನವೆಂಬರಿನಲ್ಲಿ ತಾವರಗೇರಾಕ್ಕೆ ಬಂದಿದ್ದ ಅಕ್ಕ, "ನಮ್ ಕಡೀನೂ ಎಲಿ ಹಿಂಗ ಬಣ್ಣ ತಿರುಗ್ತಾವೇನೋ ತಮ್ಮಾ?" ಎಂದಳು. ತಿರುಗದೆ ಏನು, ದರೋಜಿ ಗುಡ್ಡಕ್ಕೆ ಹೋದರೆ ಕರಡಿಯನ್ನೂ ನೋಡಬಹುದು ಎಂದುಬಿಟ್ಟೆ.

ತಿಂಗಳ ಲೆಕ್ಕದಲ್ಲೇ ತಪ್ಪಿದ್ದೆ. ಬೋಸ್ಟನ್ ಕಡೆ ಹಗಲು ಗಿಡ್ಡವಾಗಿ ಚಳಿ ಬಿದ್ದರೆ ಎಲೆಯ ಹಸಿರು ಕರಗಿ, ಒಳಗೆ ಅಡಗಿದ್ದ ಹಳದಿ ಹೊರಬರುತ್ತದೆ. ನಮ್ಮ ಗುಡ್ಡದ ಗಿಡಗಳು ಎಲೆ ಉದುರಿಸುವುದು ನೆಲದ ತೇವ ಆರಿದ ಮೇಲೆ, ಮಾಘ-ಫಾಲ್ಗುಣದಲ್ಲಿ. ಮುತ್ತುಗ ಹೂ ಬಿಡುವುದೂ ಆಗಲೇ. ಕಾರಿನಲ್ಲಿ ದರೋಜಿಗೆ ಹೊರಟಾಗ ಕನಕಗಿರಿ ದಾಟುವವರೆಗೂ ಅಕ್ಕ ಬೇವು, ಜಾಲಿ ನೋಡುತ್ತ ಸುಮ್ಮನೆ ಕುಳಿತಿದ್ದಳು.

ಗಂಗಾವತಿ ಹತ್ತಿರವಾಗುತ್ತಲೇ, "ನಿಲ್ಲಸೋ!" ಎಂದಳು. ಇತ್ತ ಮಸಾರಿ ಹೊಲದಲ್ಲಿ ತೊಗರಿ. ಅತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತ, ಬಂಡೆಗುಡ್ಡಗಳ ಬುಡದವರೆಗೂ ಬಂಗಾರ. ತೆನೆಗಳ ಮೇಲೆ ಬೆಳ್ಳಕ್ಕಿಗಳು. ಕರಡಿಯ ಅವಸರದಲ್ಲಿ ನಾನು ಕಾರು ಓಡಿಸುತ್ತಲೇ ಇದ್ದೆ. ಎಷ್ಟೋ ಸಲ ಇದೇ ದಾರಿಯಲ್ಲಿ ಹೋಗಿದ್ದೇನೆ. ನನಗೆ ಅದು ಬರೀ ಭತ್ತವಾಗಿತ್ತು.

ಅಲ್ಲಿಂದ ಮುಂದೆ ಅರ್ಧ ರಸ್ತೆ ತುಂಬ ಭತ್ತ ಒಣಹಾಕಿದ್ದರು, ಸುತ್ತ ಕಲ್ಲಿಟ್ಟಿದ್ದರು. ದರೋಜಿಯ ವೀಕ್ಷಣಾ ಗೋಪುರ ಹತ್ತುವ ಹೊತ್ತಿಗೆ ಸೂರ್ಯ ಇಳಿದಿದ್ದ. 1994ರಲ್ಲಿ ಕರಡಿಗಳಿಗೆಂದೇ ಘೋಷಿಸಿದ ಧಾಮವಿದು. ಎದುರಿನ ಬಂಡೆಗಳಿಗೆ ಬೆಲ್ಲ ಸವರಿಡುತ್ತಾರೆ, ಅದನ್ನು ನೆಕ್ಕಲು ಕರಡಿ ಇಳಿದುಬರುತ್ತದೆ. ನಮ್ಮ ಕಣ್ಣಿನ ಚಪಲಕ್ಕೆ ಕಾಡುಪ್ರಾಣಿಗೆ ಬೆಲ್ಲದ ರುಚಿ ಹತ್ತಿಸುವುದು ನನಗೇನೋ ಸರಿಬರಲಿಲ್ಲ. ಆದರೂ ನೋಡುತ್ತ ನಿಂತೆ ಅನ್ನಿ. ದುರ್ಬೀನು ಮನೆಯಲ್ಲೇ ಉಳಿದಿತ್ತು. ಬರಿಗಣ್ಣಿಗೆ ಕಂಡದ್ದು ಎರಡು ಕಪ್ಪು ಚುಕ್ಕೆ. ಪಕ್ಕದಲ್ಲಿದ್ದವರು ತಮ್ಮದನ್ನು ಕೊಟ್ಟಾಗ ಒಂದು ಚುಕ್ಕೆಯ ಬೆನ್ನ ಮೇಲೆ ಮರಿ ಕಂಡಿತು. ಅಷ್ಟರಲ್ಲಿ ನನ್ನ ಮಗ "ಕರಡೀ!" ಎಂದು ಕೂಗಿದ. ತಾಯಿ ತಿರುಗಿ ನೋಡಿ ಬಂಡೆಯ ಹಿಂದೆ ಸರಿಯಿತು. ಮಧ್ಯಾಹ್ನವೇ ಬಂದು ಬಾಯಿ ಮುಚ್ಚಿ ಕೂತವರಿಗೆ ನಾಲ್ಕು ಕರಡಿ ಕಂಡಿದ್ದವಂತೆ.

ಕತ್ತಲಲ್ಲಿ ವಾಪಸು ಬರುವಾಗ ರಾಶಿಯ ಸುತ್ತಲಿನ ಕಲ್ಲೊಂದಕ್ಕೆ ಚಕ್ರ ಬಡಿದು ಟೈರು ಒಡೆಯಿತು. ಸ್ಟೆಪ್ನಿ ಹಾಕಲು ಟಾರ್ಚು ಹಿಡಿದವರು ರಾಶಿ ಕಾಯುತ್ತಿದ್ದ ರೈತರೇ.

ಈ ಸಲ ಮುತ್ತುಗದ ಹೊತ್ತಿಗೆ ಬಾ ಎಂದು ಫೋನಿನಲ್ಲಿ ಹೇಳಿದೆ. "ಮುತ್ತುಗ ಇರಲಿ ಬಿಡೋ. ಭತ್ತ ಕೊಯ್ಯೂಕಿಂತ ಮೊದ್ಲ ಕರಿ," ಎಂದಳು ಅಕ್ಕ.