ಎಳೆಯರಿಗೆ ಎಟಕುವ ಬುಟ್ಟಿ

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವ್ಯಾಯಾಮ ಶಿಕ್ಷಕರಾದ ಜೇಮ್ಸ್ ನೈಸ್ಮಿತ್ ಅವರು, ಚಳಿಗಾಲದ ಕವಾಯತಿನಿಂದ ಬೇಸತ್ತ ವಿದ್ಯಾರ್ಥಿಗಳಿಗಾಗಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿದರು. ಆ ಎತ್ತರಕ್ಕೆ ಶಾಸ್ತ್ರಾಧಾರವೇನೂ ಇರಲಿಲ್ಲ. ವ್ಯಾಯಾಮಶಾಲೆಯ ಉಪ್ಪರಿಗೆಯ ಕಟಕಟೆ ಇದ್ದುದೇ ಅಲ್ಲಿ. ಮುಂದೆ ಅದೇ ನಿಯಮವಾಯಿತು!

ಹತ್ತು ವರ್ಷದ ಹುಡುಗನು ದೊಡ್ಡವರ ಚೆಂಡನ್ನು ಅಷ್ಟೆತ್ತರಕ್ಕೆ ಮುಟ್ಟಿಸಬೇಕಾದರೆ ಸೊಂಟದಿಂದ ಬೀಸಿ ಎಸೆಯಬೇಕು. ಕೈ ತಪ್ಪಾಗಿ ಪಳಗುತ್ತದೆ. ಚೆಂಡು ಬುಟ್ಟಿ ಸೇರದು. ನಾಲ್ಕು ದಿನಕ್ಕೆ ಹುಡುಗ ಅಂಗಳ ಬಿಡುತ್ತಾನೆ. ಆದುದರಿಂದಲೇ ಹನ್ನೆರಡು ವರ್ಷದೊಳಗಿನವರ ಮಿನಿ ಬಾಸ್ಕೆಟ್‌ಬಾಲಿನಲ್ಲಿ ಬುಟ್ಟಿಯನ್ನು 3.05 ಮೀಟರಿನಿಂದ 2.60 ಮೀಟರಿಗೆ ಇಳಿಸಿ, ಐದನೆಯ ಅಳತೆಯ ಸಣ್ಣ ಚೆಂಡನ್ನು ಕೊಡುತ್ತಾರೆ.

ನಮ್ಮಲ್ಲಿ ನಡೆಯುವುದೇ ಬೇರೆ. ಎತ್ತರದ ಐವರನ್ನು ಆರಿಸಿ ಉಳಿದವರನ್ನು ಚಪ್ಪಾಳೆಗೆ ಕೂರಿಸುತ್ತೇವೆ. ನಾನೂ ಹಾಗೆ ಕೂತವನೇ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ದೇಹಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಆ ಮಾತು ಐವರಿಗಷ್ಟೇ ಅಲ್ಲವಲ್ಲ! ಓಟ ನೆಗೆತಗಳಿಂದ ಎಲುಬು ಚೆನ್ನಾಗಿ ಗಟ್ಟಿಗೊಳ್ಳುವುದು ಬೆಳೆಯುವ ವಯಸ್ಸಿನಲ್ಲಿಯೇ.

ಅರ್ಧ ಅಂಗಳದಲ್ಲಿ ಮೂವರಿಗೆ ಮೂವರಂತೆ ಆಡಿಸಿದರೆ ಪ್ರತಿಯೊಬ್ಬನ ಕೈಗೂ ಚೆಂಡು ಬರುತ್ತದೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿಗೆ ಈ ಆಟವೂ ಸೇರಿದ್ದರಿಂದ ಇದನ್ನು ಮಕ್ಕಳಾಟವೆಂದು ಜರೆಯುವಂತಿಲ್ಲ. ಓಟ ಕಡಿಮೆಯಾದ್ದರಿಂದ ನಲವತ್ತು ದಾಟಿದ ಅಧ್ಯಾಪಕರೂ ಅಂಗಳಕ್ಕೆ ಇಳಿಯಬಹುದು.